ಅರ್ಥಿಂಗ್ ಗುಂಡಿಯ ಮೇಲಿನ ಅತಿನಂಬಿಕೆ

ಪಿಎಲ್‌ಸಿ ಪ್ಯಾನೆಲ್‌ನಲ್ಲಿ ಅನಲಾಗ್ ರೀಡಿಂಗ್ ಕುಣಿಯತೊಡಗಿದರೆ ನಮ್ಮ ಕಾರ್ಖಾನೆಗಳಲ್ಲಿ ಮೊದಲು ಕೇಳಿಬರುವ ಸಲಹೆ: ಇನ್‌ಸ್ಟ್ರುಮೆಂಟ್‌ಗೆ ಬೇರೆಯದೇ ಅರ್ಥಿಂಗ್ ಗುಂಡಿ ತೋಡಿಸಿ. ಇದ್ದಿಲು, ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹೊಯ್ದು, ಟೆಸ್ಟರ್‌ನಲ್ಲಿ ಒಂದು ಓಮ್‌ಗಿಂತ ಕಡಿಮೆ ಬಂದರೆ ಎಲ್ಲರಿಗೂ ನೆಮ್ಮದಿ. ಈ 'ಕ್ಲೀನ್ ಅರ್ಥ್' ಗುಂಡಿಗೆ ಮುಖ್ಯ ಅರ್ಥಿಂಗ್‌ನೊಂದಿಗೆ ತಾಮ್ರದ ಕೊಂಡಿಯೇ ಇಲ್ಲದಿದ್ದರೆ, ಅದು ದಂಡ ಮಾತ್ರವಲ್ಲ, ಅಪಾಯ.

ಲೆಕ್ಕ ಹಾಕಿ ನೋಡಿ. ಇನ್‌ಸ್ಟ್ರುಮೆಂಟ್ ಗುಂಡಿ 4 ಓಮ್, ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್‌ನದು 1 ಓಮ್ ಎನ್ನೋಣ. ಆ ಗುಂಡಿಗಷ್ಟೇ ಜೋಡಿಸಿದ ಪ್ಯಾನೆಲ್ ಬಾಡಿಗೆ 230 ವೋಲ್ಟ್ ಫೇಸ್ ತಗುಲಿದರೆ ಮಣ್ಣಿನಲ್ಲಿ ಹರಿಯುವುದು 46 ಆಂಪಿಯರ್. 32 ಆಂಪಿಯರ್ ಎಂಸಿಬಿ ಅಷ್ಟಕ್ಕೆ ತಟ್ಟನೆ ಬೀಳದು, ನಿಮಿಷಗಟ್ಟಲೆ ಸುಮ್ಮನಿರಬಹುದು. ಅಷ್ಟು ಹೊತ್ತೂ ಬಾಡಿಯ ಮೇಲೆ 184 ವೋಲ್ಟ್. ಸಿಡಿಲು ಬಡಿದಾಗಲಂತೂ ಎರಡು ಗುಂಡಿಗಳ ನಡುವಿನ ವೋಲ್ಟೇಜ್ ಅಂತರ ಹಾದುಹೋಗಲು ಹುಡುಕುವ ದಾರಿ ಇನ್‌ಪುಟ್ ಕಾರ್ಡ್.

ನಾಯ್ಸ್ ಆದರೂ ಇಳಿಯುತ್ತದೆಯೇ? ಇಂದಿನ ಡ್ರೈವ್‌ಗಳು ಮೈಕ್ರೋಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಸ್ವಿಚ್ ಆಗುತ್ತವೆ; ಅವುಗಳ ಗದ್ದಲ ಮೆಗಾಹರ್ಟ್ಸ್‌ನಲ್ಲಿರುತ್ತದೆ. ಪ್ಯಾನೆಲ್‌ನಿಂದ ಗುಂಡಿಗೆ ಹೋಗುವ 20 ಮೀಟರ್ ವೈರಿನ ಇಂಡಕ್ಟೆನ್ಸ್ ಸುಮಾರು 20 ಮೈಕ್ರೋಹೆನ್ರಿ. ಅಂದರೆ 1 ಮೆಗಾಹರ್ಟ್ಸ್‌ನಲ್ಲಿ 125 ಓಮ್. ಟೆಸ್ಟರ್ ತೋರಿಸಿದ ಒಂದು ಓಮ್‌ಗೆ ಇಲ್ಲಿ ಏನು ಬೆಲೆ?

ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡುವ ಹಳೆಯ ನಿಯಮವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಕೆ ಟೈಪ್ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಒಂದು ಮಿಲಿವೋಲ್ಟ್ ನುಸುಳಿದರೆ ಹತ್ತಿರ ಹತ್ತಿರ 25 ಡಿಗ್ರಿ ತಪ್ಪು. ಶೀಲ್ಡಿನಲ್ಲಿ 50 ಹರ್ಟ್ಸ್ ಕರೆಂಟ್ ಸುತ್ತದಂತೆ ತಡೆಯಲು ಆ ನಿಯಮ ಬೇಕು. ಅದನ್ನೇ ಡ್ರೈವ್‌ನ ಮೋಟಾರ್ ಕೇಬಲ್‌ಗೂ ಅನ್ವಯಿಸುವುದು ತಪ್ಪು. ಅಲ್ಲಿ ಶೀಲ್ಡ್ ಎರಡೂ ತುದಿಯಲ್ಲಿ, ಸುತ್ತಲೂ ಹಿಡಿಯುವ ಕ್ಲ್ಯಾಂಪಿನಿಂದ ಕೂರಬೇಕು. ಹೆಣೆದು ಲಗ್ ಹಾಕಿದ ಹತ್ತು ಸೆಂಟಿಮೀಟರ್ ಬಾಲ ಸಾಲದು.

ಬಹಳಷ್ಟು ತೊಂದರೆ ಹುಟ್ಟುವುದು ಡಕ್ಟ್‌ನಲ್ಲಿ. 4–20 ಮಿಲಿಆಂಪಿಯರ್ ಜೋಡಿಯನ್ನು ಡ್ರೈವ್ ಔಟ್‌ಪುಟ್ ಜೊತೆ ಒಂದೇ ಡಕ್ಟ್‌ಗೆ ತುರುಕಿ, ಬಾಚಿ ಹೆಣೆದ ಜಡೆಯಂತೆ ಟೈ ಬಿಗಿದ ಪ್ಯಾನೆಲ್ ಫೋಟೋದಲ್ಲಿ ಬಲು ಚೆಂದ! ಅಂದಕ್ಕಾಗಿ ಹೋಗುವ ವೈರನ್ನೂ ಮರಳುವ ವೈರನ್ನೂ ಬೇರೆ ಬೇರೆ ಡಕ್ಟ್‌ಗೆ ಹಾಕಿದರೆ ನಡುವಿನ ಜಾಗವೆಲ್ಲ ಆಂಟೆನಾ. ಜೋಡಿ ಹೊಸೆದುಕೊಂಡೇ ಇರಬೇಕು, ಪವರ್ ಕೇಬಲ್‌ಗಳನ್ನು ಅಡ್ಡವಾಗಿ ದಾಟಬೇಕು. ಐಇಇಇ 518 ಮಾರ್ಗದರ್ಶಿ 1982ರಲ್ಲೇ ವೈರುಗಳನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿ, ನಡುವಿನ ಅಂತರವನ್ನೂ ಹೇಳಿತ್ತು.

ಗುಂಡಿ ಉಳಿದಿರುವುದಕ್ಕೆ ಕಾರಣ ಬಿಲ್ಲಿನಲ್ಲಿದೆ ಎಂಬುದು ನನ್ನ ಗುಮಾನಿ. ಗುಂಡಿಯನ್ನು ಎಣಿಸಿ ದರ ಬರೆಯಬಹುದು; ಮೌಂಟಿಂಗ್ ಪ್ಲೇಟಿನ ಪೇಂಟ್ ಕೆರೆದು ಡ್ರೈವ್ ಕೂರಿಸಿದ್ದಕ್ಕೆ, ಟ್ರೇಯನ್ನು ಒಂದಡಿ ದೂರ ಎಳೆದದ್ದಕ್ಕೆ ಯಾವ ಸಾಲಿನಲ್ಲಿ ದುಡ್ಡು ಕೇಳುವುದು?