ಗವಿಯ ತಂದೆ

'ಫಾಲ್‌ಔಟ್: ನ್ಯೂ ವೇಗಸ್' ವಿಡಿಯೊ ಗೇಮಿಗೆ 2011ರ ಮೇ ತಿಂಗಳಲ್ಲಿ ಬಂದ ಹೆಚ್ಚುವರಿ ಭಾಗ 'ಆನೆಸ್ಟ್ ಹಾರ್ಟ್ಸ್'. ಅಣುಯುದ್ಧ ಕಂಡ ಮೊಹಾವಿ ಮರುಭೂಮಿಯಿಂದ ಯೂಟಾದ ಝಯಾನ್ ಕಣಿವೆಗೆ ಇಳಿದರೆ ಮಳೆ, ಕುಡಿಯಬಲ್ಲ ಹೊಳೆನೀರು! ಕೂಡ್ಲಿಗಿ ಸೀಮೆಯ ನಮಗೆ ಆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಗುಡೇಕೋಟೆ ಗುಡ್ಡಗಳಂತೆ ಅಲ್ಲೂ ಕರಡಿಗಳಿವೆ.

ಮುಖ್ಯ ಕಥೆ ಬೇಗ ಮುಗಿಯುತ್ತದೆ, ಅದು ಕೊರತೆಯೇ. ಆದರೆ ಗವಿಗಳನ್ನು ಹುಡುಕಿದವರಿಗೆ ರ್‍ಯಾಂಡಲ್ ಕ್ಲಾರ್ಕ್ ಸಿಗುತ್ತಾನೆ. ಯುದ್ಧದಲ್ಲಿ ಹೆಂಡತಿ, ಮಗನನ್ನು ಕಳೆದುಕೊಂಡ ಸೈನಿಕ. ಹಳೆಯ ಕಂಪ್ಯೂಟರುಗಳಲ್ಲಿ ಅವನ ದಿನಚರಿ ಉಳಿದಿದೆ. ಮುಪ್ಪಿನಲ್ಲಿ, ದಿಕ್ಕಿಲ್ಲದ ಮಕ್ಕಳು ಕಣಿವೆಗೆ ಬಂದಾಗ, ಎದುರಿಗೆ ಬಾರದೆ ಪುಸ್ತಕ, ಸಾಮಾನು ಇಟ್ಟು ಹೋಗುತ್ತಾನೆ. ಅವರ ಸಂತತಿಯಾದ ಸಾರೋಸ್ ಬುಡಕಟ್ಟಿಗೆ ಅವನೇ ದೇವರು. ಬದುಕಿದ್ದಾಗ ಮುಖವನ್ನೇ ತೋರದ ಒಬ್ಬನನ್ನು ಇಷ್ಟು ಹತ್ತಿರ ತಂದ ಬರವಣಿಗೆಯನ್ನು ಬೇರೆ ಯಾವ ಗೇಮಿನಲ್ಲೂ ನಾನು ಕಂಡಿಲ್ಲ.