ಕೊಟ್ನೀಸರ ಸಂಸಾರ, ಶಾಂತಾರಾಮರ ಸಿನಿಮಾ

ವಿ. ಶಾಂತಾರಾಮರ 'ಡಾ. ಕೊಟ್ನೀಸ್ ಕೀ ಅಮರ್ ಕಹಾನಿ' (1946) ಸಿನಿಮಾದ ಜೀವ ಇರುವುದು ಅದರ ಕೊನೆಯ ದೃಶ್ಯಮಾಲೆಯಲ್ಲಿ. ಚೀನಾದಲ್ಲಿ ಸಾವಿನ ಹಾಸಿಗೆ ಹಿಡಿದ ಡಾಕ್ಟರ್ ಕೊಟ್ನೀಸ್, ತಾನು ಹೋದ ಮೇಲೆ ಸೊಲ್ಲಾಪುರಕ್ಕೆ ಹೋಗಬೇಕಾದ ಹೆಂಡತಿಗೆ ಅಲ್ಲಿ ಏನೇನು ಕಾಣುತ್ತದೆಂದು ಹೇಳುತ್ತ ಹೋಗುತ್ತಾನೆ. ಅವನು ಹೇಳಿದ್ದೆಲ್ಲ ತೆರೆಯ ಮೇಲೆ ನಡೆಯುತ್ತದೆ. ಮಗುವನ್ನೆತ್ತಿಕೊಂಡ ಸೊಸೆ, ಗಂಡನಿಲ್ಲದೆ, ಗಂಡನ ಮನೆ ತುಂಬುತ್ತಾಳೆ. ಕಣ್ಣು ಒದ್ದೆಯಾಗದೆ ನೋಡುವುದು ಕಷ್ಟ.

ನಡೆದದ್ದು ಹಾಗಲ್ಲ. ನಿಜವಾದ ಹೆಂಡತಿ ಗುವೊ ಚಿಂಗ್ಲಾನ್ ಚೀನಾದಲ್ಲೇ ಉಳಿದರು, ಮುಂದೆ ಮರುಮದುವೆಯಾದರು. ಮಗ ಯಿನ್‌ಹುವಾ ವೈದ್ಯಕೀಯ ಓದುತ್ತಿದ್ದಾಗಲೇ 1967ರಲ್ಲಿ ತೀರಿಕೊಂಡ. ಗುವೊ ಭಾರತಕ್ಕೆ ಹಲವು ಸಲ ಬಂದರು, ಕೊಟ್ನೀಸ್ ಮನೆತನದ ನಂಟನ್ನು ಕಡೆಯವರೆಗೂ ಬಿಡಲಿಲ್ಲ. 2012ರಲ್ಲಿ 96ರ ವಯಸ್ಸಿನಲ್ಲಿ ದಾಲಿಯನ್ ನಗರದಲ್ಲಿ ಕಣ್ಣು ಮುಚ್ಚಿದರು. 1946ರ ಸಿನಿಮಾ ಇದನ್ನೆಲ್ಲ ಮೊದಲೇ ಊಹಿಸಬೇಕಿತ್ತು ಎನ್ನುವುದು ಅನ್ಯಾಯ. ಆದರೆ ಗುವೊ, ಕೊಟ್ನೀಸ್ ಇಬ್ಬರೂ ಕೂಡಿ ಕಳೆದ ಒಂದೇ ಒಂದು ವರ್ಷವನ್ನು ಅದು ಹೇಗೆ ತೋರಿಸಿತು ಎಂದು ಕೇಳುವುದು ತಪ್ಪಲ್ಲ.

ದ್ವಾರಕಾನಾಥ ಕೊಟ್ನೀಸ್ ಹುಟ್ಟಿದ್ದು 1910ರಲ್ಲಿ, ಸೊಲ್ಲಾಪುರದ ಮರಾಠಿ ಮನೆಯಲ್ಲಿ. ಗಿರಣಿಗಳ ಊರು, ಬೀದಿಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಒಂದರ ಮೈಗೊಂದು ತಾಕಿಕೊಂಡೇ ಓಡಾಡುವ ಊರು. ಅವರು ಹತ್ತೊಂಬತ್ತರ ಹುಡುಗನಾಗಿದ್ದಾಗ, 1930ರ ಮೇ ತಿಂಗಳಲ್ಲಿ, ಅಲ್ಲಿ ಮಾರ್ಷಲ್ ಲಾ ಬಂತು. ಮುಂದಿನ ಜನವರಿಯಲ್ಲಿ ಮಲ್ಲಪ್ಪ ಧನಶೆಟ್ಟಿ ಮೊದಲಾದ ನಾಲ್ವರು ಹೋರಾಟಗಾರರನ್ನು ಗಲ್ಲಿಗೇರಿಸಿದರು. ಮುಂಬಯಿಯಲ್ಲಿ ವೈದ್ಯಕೀಯ ಮುಗಿಸಿದ ಕೊಟ್ನೀಸ್, ಸುಭಾಷಚಂದ್ರ ಬೋಸರ ಕರೆಗೆ ಓಗೊಟ್ಟು 1938ರ ಸೆಪ್ಟೆಂಬರಿನಲ್ಲಿ ಹಡಗು ಹತ್ತಿದ್ದರ ಹಿಂದೆ ಈ ಊರಿನ ಗಾಳಿಯೂ ಇದ್ದಿರಬೇಕು. ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಅವರೊಬ್ಬರು. ಉಳಿದ ನಾಲ್ವರು ಒಬ್ಬೊಬ್ಬರಾಗಿ ವಾಪಸಾದರು.

ಕೊಟ್ನೀಸರ ಮದುವೆಯಾದದ್ದು 1941ರ ಕೊನೆಯಲ್ಲಿ. 1942ರ ಆಗಸ್ಟಿನಲ್ಲಿ ಮಗು. ಡಿಸೆಂಬರ್ 9ಕ್ಕೆ ಸಾವು, ಮೂವತ್ತೆರಡರ ಹರೆಯದಲ್ಲಿ. ಲೆಕ್ಕ ಹಾಕಿದರೆ ಸಂಸಾರ ಒಂದು ವರ್ಷದ್ದು. ಹೆಬೆಯ್ ಪ್ರಾಂತದ ತಾಂಗ್ ಕೌಂಟಿಯ ಬೆಟ್ಟದ ಹಳ್ಳಿಗಳಲ್ಲಿ ಕೆನಡಾದ ವೈದ್ಯ ಬೆಥೂನ್ ಹೆಸರಿನ ಆಸ್ಪತ್ರೆ ಮತ್ತು ವೈದ್ಯಕೀಯ ಶಾಲೆ. ಆಸ್ಪತ್ರೆಯ ಮೊದಲ ನಿರ್ದೇಶಕ ಗಂಡ, ದಾದಿಯರಿಗೆ ಪಾಠ ಹೇಳುವವಳು ಹೆಂಡತಿ. ಆ ಸೀಮೆಯ ದಿನದ ಊಟ ನವಣೆ. ಸೊಲ್ಲಾಪುರ, ಅಕ್ಕಲಕೋಟದ ಹೊಲಗಳಿಗೂ ಗೊತ್ತಿದ್ದ ಬೆಳೆಯೇ ಅದು, ಚೀನಾದಲ್ಲಿ ಅದರದು ಗಂಜಿ ಅಷ್ಟೆ. ಕೊಟ್ನೀಸ್ ಚೀನೀ ಭಾಷೆಯಲ್ಲೇ ಪಾಠ ಮಾಡುತ್ತಿದ್ದರು, ಶಸ್ತ್ರಚಿಕಿತ್ಸೆಯ ಪಠ್ಯವನ್ನು ಬರೆಯುತ್ತಿದ್ದರು. ಎರಡನೆಯ ಪುಸ್ತಕ ಅರ್ಧಕ್ಕೇ ನಿಂತಿತು. ಮಗನ ಹೆಸರಿನಲ್ಲಿ 'ಯಿನ್' ಎಂದರೆ ಭಾರತ, 'ಹುವಾ' ಎಂದರೆ ಚೀನಾ. ಹೆಸರು ಸೂಚಿಸಿದವರು ಸೇನಾನಿ ನಿಯೆ ರೊಂಗ್‌ಝೆನ್.

ಇಷ್ಟು ಸಾಮಗ್ರಿ ಯಾವ ನಿರ್ದೇಶಕನಿಗೂ ಸಾಲುತ್ತದೆ. ಶಾಂತಾರಾಮರಿಗೆ ಸಾಲಲಿಲ್ಲ. ಕೊಟ್ನೀಸರನ್ನು ಬಲಿ ತೆಗೆದುಕೊಂಡದ್ದು ಮೂರ್ಛೆರೋಗ; ಸಿನಿಮಾದಲ್ಲಿ ಅದು ಪ್ಲೇಗ್ ಆಗುತ್ತದೆ. ಮದ್ದು ಕಂಡುಹಿಡಿದ ವೈದ್ಯನೇ ಆ ರೋಗಕ್ಕೆ ಬಲಿ! ಸಾಲದ್ದಕ್ಕೆ ಜಪಾನಿ ಸೈನಿಕರ ಸೆರೆ, ಅಲ್ಲಿಂದ ಪಲಾಯನ. ಮೂರ್ಛೆ ಬಂದು ಬಂದು ಹೋಗುವ ಕಾಯಿಲೆ. ಯಾವತ್ತು ಬಂದೀತೋ ಎಂಬ ಆತಂಕವನ್ನು ನೆರಳಿನಂತೆ ಇಟ್ಟುಕೊಂಡೇ ಕೆಲಸಕ್ಕೆ ನಿಲ್ಲುವ ಮನುಷ್ಯ ಪ್ಲೇಗಿನ ವೀರನಿಗಿಂತ ಎಷ್ಟೋ ದೊಡ್ಡ ಪಾತ್ರ. ಆ ಪಾತ್ರವನ್ನು ಸಿನಿಮಾ ಕೈಯಾರೆ ಕಳೆದುಕೊಂಡಿದೆ.

ಆದರೂ ಕೊನೆಯ ದೃಶ್ಯಮಾಲೆ ಗೆಲ್ಲುತ್ತದೆ, ಕಾರಣ ಸೊಲ್ಲಾಪುರದ ಸೀಮೆಯಲ್ಲೇ ಇದೆ. ಪಕ್ಕದ ಅಕ್ಕಲಕೋಟ ತಾಲೂಕಿನ ಕನ್ನಡ ಮನೆಗಳಲ್ಲಿ ಮದುವೆಯ ಮೊದಲ ವರ್ಷವೆಂದರೆ ತಿರುಗಾಟವೇ. ನಾಗರಪಂಚಮಿಗೆ ಮಗಳು ತವರಿಗೆ, ದೀಪಾವಳಿಗೆ ಅಳಿಯ ಮಾವನ ಮನೆಗೆ, ಸಂಕ್ರಾಂತಿಗೆ ಜೋಡಿಯಾಗಿ ಸೊಲ್ಲಾಪುರದ ಸಿದ್ಧರಾಮನ ಜಾತ್ರೆಗೆ, ನಡುವೆ ಅಕ್ಕಲಕೋಟದ ಸ್ವಾಮಿ ಸಮರ್ಥರ ದರ್ಶನ. ಹೊಸಬಳನ್ನು ಊರು ತನ್ನವಳನ್ನಾಗಿ ಮಾಡಿಕೊಳ್ಳುವ ಬಗೆ ಅದು. ಶಾಂತಾರಾಮ್ ಕೊಲ್ಲಾಪುರದವರು, ಈ ಸೀಮೆಯ ನಾಡಿ ಬಲ್ಲವರು. ಕಡೆಯ ದೃಶ್ಯಮಾಲೆ ಪ್ರೇಕ್ಷಕರ ಎದೆಗೆ ತಾಕುವುದು ಅದಕ್ಕೇ. ಯುದ್ಧ ಕಸಿದುಕೊಂಡ ಆ ಮೊದಲ ವರ್ಷದ ಮನೆತುಂಬುವಿಕೆಯನ್ನು ಕ್ಯಾಮೆರಾ ಮಾಡಿ ಮುಗಿಸುತ್ತದೆ. ಆದರೆ ಇದಕ್ಕೆ ತೆತ್ತ ಬೆಲೆಯೂ ಇದೆ. ದಾದಿಯರಿಗೆ ಪಾಠ ಹೇಳುತ್ತಿದ್ದ ಹೆಂಗಸು ಕೊನೆಗೆ ಹೊಸ್ತಿಲಲ್ಲಿ ನಿಂತ ಸೊಸೆಯಾಗಿ ಮಾತ್ರ ಉಳಿಯುತ್ತಾಳೆ.

ಆ ಹೆಂಡತಿಯ ಪಾತ್ರ ಮಾಡಿದವರು ಜಯಶ್ರೀ. ಕೊಟ್ನೀಸ್ ಆದವರು ಸ್ವತಃ ಶಾಂತಾರಾಮ್. ಇವರಿಬ್ಬರ ಮದುವೆಯೂ 1941ರಲ್ಲೇ ಆಗಿತ್ತೆಂಬುದು ಒಂದು ತಮಾಷೆಯ ಕಾಕತಾಳೀಯ. ಜಯಶ್ರೀಯ ಚೀನೀ ಮೇಕಪ್ಪು ಇಂದಿನ ಕಣ್ಣಿಗೆ ಮುಜುಗರ ತರುತ್ತದೆ, ಚೀನಾವೆಲ್ಲ ಹಿಂದಿ ಮಾತಾಡುವುದು ಇನ್ನೂ ಹೆಚ್ಚು. ಹೆಂಡತಿಯ ಭಾಷೆಯನ್ನು ಕಲಿತು ಅದರಲ್ಲೇ ಪಾಠ ಹೇಳಿದವನ ಕಥೆಯಲ್ಲಿ ಈ ಕೊರತೆ ಚಿಕ್ಕದಲ್ಲ. ವಸಂತ ದೇಸಾಯಿಯವರ ಸಂಗೀತ ಮಾತ್ರ ಕೈ ಬಿಟ್ಟಿಲ್ಲ.

ದೋಷವೆಲ್ಲ ನಿರ್ದೇಶಕರದ್ದೇ ಅಲ್ಲ. ಕಥೆಯ ಮೂಲ ಖ್ವಾಜಾ ಅಹ್ಮದ್ ಅಬ್ಬಾಸರ 'ಅಂಡ್ ಒನ್ ಡಿಡ್ ನಾಟ್ ಕಮ್ ಬ್ಯಾಕ್'. ಅಬ್ಬಾಸರಿಗೆ ಆಧಾರವಾದದ್ದು ಚೀನಾದಿಂದ ಮರಳಿದ ಸಹವೈದ್ಯ ಬಿ.ಕೆ. ಬಸು ಹೇಳಿದ ಸಂಗತಿಗಳು. ಗುವೊ ಅವರ ನೆನಪಿನ ಪುಸ್ತಕ 'ಮೈ ಲೈಫ್ ವಿತ್ ಕೊಟ್ನೀಸ್' ಬಂದದ್ದು ಸಿನಿಮಾ ಬಂದು ಎಷ್ಟೋ ದಶಕಗಳಾದ ಮೇಲೆ. ಈ ಕಥೆಗೆ ಇನ್ನೊಮ್ಮೆ ಕೈ ಹಾಕುವವರು ಪ್ಲೇಗನ್ನೂ ಸೆರೆಮನೆಯನ್ನೂ ಪಕ್ಕಕ್ಕಿಟ್ಟು ಆ ಪುಸ್ತಕದಿಂದ ಶುರು ಮಾಡಬೇಕು. ಗುವೊ ಪಾತ್ರಕ್ಕೆ ಚೀನೀ ನಟಿಯನ್ನೇ ಹುಡುಕಬೇಕು.