ಡಿಶ್ ಮನೆಗೊಂದು, ಕೇಬಲ್ ಮನೆಗೊಂದು ದೂರದರ್ಶನ

2023ರ ನವೆಂಬರ್ 19, ಭಾನುವಾರ. ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್. ತುಮಕೂರಿನಿಂದ ಬೆಳಿಗ್ಗೆಯೇ ಹೊರಟು ಕುಣಿಗಲ್‌ನ ಮಾವನ ಮನೆ ಸೇರಿಕೊಂಡಿದ್ದೆ. ಮಾವ ತಿಂಗಳು ತಿಂಗಳು ತಪ್ಪದೆ ಕೇಬಲ್ ದುಡ್ಡು ಕಟ್ಟೋರು. ಆದರೆ ಸ್ಪೋರ್ಟ್ಸ್ ಪ್ಯಾಕ್ ಹಾಕಿಸಿಲ್ಲ. "ಇಂಡಿಯಾ ಮ್ಯಾಚ್ ತಾನೇ, ದೂರದರ್ಶನದಲ್ಲಿ ಬಂದೇ ಬರುತ್ತೆ ಬಿಡೋ" ಅಂದರು. ಹಾಕಿದರೆ ಬೇರೇನೋ ಕಾರ್ಯಕ್ರಮ! ಗುಬ್ಬಿಯ ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ನಮ್ಮನೇಲಿ ಫ್ರೀ ಡಿಶ್ ಕಣೋ, ದೂರದರ್ಶನದಲ್ಲೇ ನೋಡ್ತಾ ಕೂತಿದೀವಿ" ಅಂದರು.

ಒಂದೇ ಜಿಲ್ಲೆ, ಒಂದೇ ದೂರದರ್ಶನ. ತಿಂಗಳಿಗೆ ಒಂದು ಪೈಸೆ ಕಟ್ಟದ ಮನೆಯಲ್ಲಿ ಮ್ಯಾಚು ಬರುತ್ತೆ, ದುಡ್ಡು ಕಟ್ಟೋ ಮನೆಯಲ್ಲಿ ಇಲ್ಲ. ಮಾವ ಕೇಬಲ್ ಹುಡುಗನಿಗೆ ಬೈದರು. ಪಾಪ, ಅವನದೇನೂ ತಪ್ಪಿಲ್ಲ. ಇದು ಕಾನೂನು ಮಾಡಿಟ್ಟ ಎಡವಟ್ಟು.

ಸ್ವಲ್ಪ ಹಿಂದಕ್ಕೆ ಹೋಗೋಣ. 1993ರ ಹೀರೋ ಕಪ್ ಪ್ರಸಾರಕ್ಕಾಗಿ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ಜಗಳ ಹತ್ತಿಕೊಂಡಿತು. ಅದು ಸುಪ್ರೀಂ ಕೋರ್ಟಿಗೆ ಹೋಗಿ, 1995ರಲ್ಲಿ ತೀರ್ಪು ಬಂತು: ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕ ಆಸ್ತಿ. ಸರ್ಕಾರದ್ದೂ ಅಲ್ಲ, ಹಣವಂತರದ್ದೂ ಅಲ್ಲ. ಆಮೇಲೆ 2007ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ರಾಷ್ಟ್ರೀಯ ಮಹತ್ವದ ಪಂದ್ಯ ಅಂತ ಸರ್ಕಾರ ಯಾವುದನ್ನು ಪಟ್ಟಿ ಮಾಡುತ್ತೋ, ಅದರ ನೇರಪ್ರಸಾರವನ್ನು ಹಕ್ಕು ಕೊಂಡ ಖಾಸಗಿ ಚಾನೆಲ್ ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು. ಪುಕ್ಕಟೆಯೇನಲ್ಲ. ದೂರದರ್ಶನಕ್ಕೆ ಬರುವ ಜಾಹೀರಾತಿನ ಹಣದಲ್ಲಿ ಕನಿಷ್ಠ ನೂರಕ್ಕೆ 75 ಪಾಲು ಆ ಚಾನೆಲ್‌ಗೇ ವಾಪಸ್.

ಇಲ್ಲೀವರೆಗೂ ಚೆನ್ನಾಗೇ ಇತ್ತು. ಕೇಬಲ್‌ನವರು ದೂರದರ್ಶನದ ಚಾನೆಲ್‌ಗಳನ್ನು ಕಡ್ಡಾಯವಾಗಿ ತೋರಿಸಲೇಬೇಕು ಅನ್ನೋ ಇನ್ನೊಂದು ನಿಯಮ ಇದೆಯಲ್ಲ, ಅದರಿಂದ ಹಂಚಿಕೊಂಡ ಮ್ಯಾಚು ಕೇಬಲ್ ಮನೆಗಳಿಗೂ ಹೋಗುತ್ತಿತ್ತು. ನಮ್ಮ ಗಿರಾಕಿ ಕಡಿಮೆಯಾಗ್ತಾರೆ ಅಂತ ಖಾಸಗಿಯವರು ಕೋರ್ಟಿಗೆ ಹೋದರು. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಅಕ್ಷರ ಹಿಡಿದು ಹೇಳಿತು: ಆ ಪ್ರಸಾರ ದೂರದರ್ಶನದ ಸ್ವಂತ ಟವರ್‌ಗಳಿಗೂ ಅದರ ಡಿಶ್‌ಗೂ ಮಾತ್ರ, ಕೇಬಲ್‌ಗಿಲ್ಲ. ಈ ನಡುವೆ ಹಳೇ ಟವರ್‌ಗಳಲ್ಲಿ ಬಹುಪಾಲು ಮುಚ್ಚಿಹೋದವು. ಛಾವಣಿ ಮೇಲಿನ ಆಂಟೆನಾ ಗುಜರಿಗೆ ಹೋಯಿತು. ಉಳಿದದ್ದು ಫ್ರೀ ಡಿಶ್ ಒಂದೇ.

ದುಡ್ಡು ಹಾಕಿದವನಿಗೆ ಲಾಭ ಬೇಡವಾ ಅಂತ ನೀವು ಕೇಳಬಹುದು. ಬೇಕು. 2023ರಿಂದ 27ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿಗೆ ಹೋಯಿತು. ಅದು ಸರ್ಕಾರದ ಪಟ್ಟಿಯಲ್ಲಿಲ್ಲ, ಇರಬೇಕು ಅಂತಲೂ ನಾನು ಹೇಳಲ್ಲ. ಗುಬ್ಬಿ ಕಂಪನಿ ನಾಟಕಕ್ಕೆ ಟಿಕೆಟ್ ತಗೊಂಡು ಕೂತ ಜಿಲ್ಲೆ ನಮ್ಮದು; ಆಟ ನೋಡಲು ಕಾಸು ಕೊಡೋದು ನಮಗೆ ಹೊಸದಲ್ಲ. ಆದರೆ ಇದು ಎಲ್ಲರೂ ನೋಡಬೇಕಾದ ಆಟ ಅಂತ ಸರ್ಕಾರವೇ ಡಂಗುರ ಸಾರಿದ ಮೇಲೆ, ಮನೆಗೆ ಬಂದಿರೋದು ಡಿಶ್ಶೋ ವೈರೋ ಅಂತ ನೋಡಿ ಬಾಗಿಲು ಹಾಕೋದು ಯಾವ ನ್ಯಾಯ?

ಕೋರ್ಟನ್ನು ಬೈದು ಪ್ರಯೋಜನವಿಲ್ಲ. ಕಾಯ್ದೆಯಲ್ಲಿ ಬರೆದದ್ದನ್ನೇ ಅದು ಓದಿತು. ತಪ್ಪಿರೋದು ಬರೆದವರದ್ದು, ತಿದ್ದದೆ ಬಿಟ್ಟವರದ್ದು. 2018ರಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿಯ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. ಕಡ್ಡಾಯವಾಗಿ ದೂರದರ್ಶನ ತೋರಿಸುವ ಕಡೆಯೆಲ್ಲ ಮ್ಯಾಚೂ ಬರಲಿ ಅನ್ನೋದು ಅದರ ತಿರುಳು. ಕರಡು ಕರಡಾಗೇ ಉಳಿಯಿತು. ಆ ಒಂದೆರಡು ಸಾಲು ಸೇರಿಸೋಕೆ ಯಾರಿಗೂ ಪುರುಸೊತ್ತಿಲ್ಲ. ಕಾಯ್ದೆ ಪಾಸಾದಾಗ ಚಪ್ಪಾಳೆ ಹೊಡೆದ ನಾವೂ ಆಮೇಲೆ ಕೇಳಲಿಲ್ಲ.

ಅವತ್ತು ಮಾವ ಕೊನೆಗೆ ನನ್ನ ಮೊಬೈಲಿನಲ್ಲಿ, ಕನ್ನಡಕ ಮೇಲಕ್ಕೆ ಸರಿಸಿಕೊಂಡು, ಕಣ್ಣು ಕಿರಿದು ಮಾಡಿ ಪೂರ್ತಿ ಮ್ಯಾಚು ನೋಡಿದರು. ನಾವು ಆರು ವಿಕೆಟ್‌ಗಳಿಂದ ಸೋತೆವು. ಎದುರಿಗೆ ಅವರದೇ ದೊಡ್ಡ ಟಿವಿ ಸುಮ್ಮನೆ ಕೂತಿತ್ತು. "ಸೋತಿದ್ದನ್ನಾದ್ರೂ ನೆಟ್ಟಗೆ ನೋಡೋಕೆ ಬಿಡಲಿಲ್ವಲ್ಲೋ" ಅಂದರು.